ಒಂದೇ ಮೆಮೊಗೆ ಮೂರು ಉತ್ತರ

2022ರಲ್ಲಿ ನಾನು ದೆಹಲಿಯ ಕೇಂದ್ರ ಸಚಿವಾಲಯವೊಂದರಲ್ಲಿ ಅಂಡರ್ ಸೆಕ್ರೆಟರಿಯಾಗಿದ್ದೆ. ಕಡತದಲ್ಲಿ ತಪ್ಪು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ಕೈಕೆಳಗೆ ದಾವಣಗೆರೆ ಕಡೆಯ ಸುಮಂಗಲಾ ಎಂಬ ಸಹಾಯಕ ಅಧಿಕಾರಿ ಇದ್ದರು. ರಜೆ, ಪಿಂಚಣಿಯ ನಿಯಮಗಳೆಲ್ಲ ಅವರ ನಾಲಿಗೆಯ ತುದಿಯಲ್ಲಿ. ಪುಸ್ತಕ ತೆಗೆಯುವ ಬದಲು ನಾನು ಅವರನ್ನೇ ಕೇಳುತ್ತಿದ್ದೆ.

ಆ ಬೇಸಿಗೆಯಲ್ಲಿ ಅವರಿಗೆ ಜ್ವರ ಬಂದು, ಫಿಟ್ಸ್ ಆಗಿ, ಮೂರು ವಾರ ಆಸ್ಪತ್ರೆಯಲ್ಲಿದ್ದರು. ಎರಡು ತಿಂಗಳ ನಂತರ ‘ಕೆಲಸಕ್ಕೆ ಫಿಟ್’ ಎಂಬ ಸರ್ಟಿಫಿಕೇಟ್ ತಂದು ಹಾಜರಾದರು. ಅದೇ ನಗು, ಅದೇ ಮಾತು. ನಿಯಮ ಕೇಳಿದರೆ ಥಟ್ಟನೆ ಹೇಳುತ್ತಿದ್ದರು. ಬೆಳಿಗ್ಗೆ ಕೊಟ್ಟ ಕಡತವನ್ನು ಮಧ್ಯಾಹ್ನ ಕೇಳಿದರೆ ಮಾತ್ರ, “ಯಾವುದು ಸರ್?” ಅಷ್ಟೆಲ್ಲ ನೆನಪಿರುವವರು ಇದೊಂದನ್ನು ಮರೆಯುತ್ತಾರೆಯೇ? ಉಡಾಫೆ ಎಂದುಕೊಂಡೆ. ಸಂಸತ್ತಿನ ಪ್ರಶ್ನೆಯೊಂದಕ್ಕೆ ಹೋಗಬೇಕಿದ್ದ ಉತ್ತರ ಅವರ ಡ್ರಾಯರ್‌ನಲ್ಲೇ ಉಳಿದಾಗ, ಒಂದು ಸೋಮವಾರ ಅವರಿಗೆ ಮೆಮೊ ಕೊಟ್ಟೆ. ತಪ್ಪಿಗೆ ಲಿಖಿತ ವಿವರಣೆ ಕೇಳುವ ಕಾಗದ ಅದು. ಸೇವಾ ದಾಖಲೆ ಸೇರಿದರೆ ಬಡ್ತಿಗೆ ಕುತ್ತು.

ಮಂಗಳವಾರ ಉತ್ತರ ಬಂತು: ಗಮನ ತಪ್ಪಿತು, ದಯವಿಟ್ಟು ಕ್ಷಮಿಸಿ. ಬುಧವಾರ ಇನ್ನೊಂದು ಬಂತು. ಗುರುವಾರ ಮೂರನೆಯದು. ಮೂರರಲ್ಲೂ ಹೆಚ್ಚುಕಡಿಮೆ ಅವೇ ವಾಕ್ಯಗಳು. ನನ್ನನ್ನು ಅಣಕಿಸುತ್ತಿದ್ದಾರೆಂದು ಸಿಟ್ಟು ನೆತ್ತಿಗೇರಿ, ಶುಕ್ರವಾರ ಬೆಳಿಗ್ಗೆ ಅವರ ಮೇಜಿನ ಬಳಿಗೇ ಹೋದೆ. ಅವರು ಆ ಮೆಮೊ ಹಿಡಿದುಕೊಂಡು ಅಳುತ್ತಿದ್ದರು.

“ಸರ್, ಇದನ್ನ ಈಗಷ್ಟೇ ನೋಡಿದೆ. ಇವತ್ತೇ ಉತ್ತರ ಕೊಡ್ತೀನಿ.”

ಪ್ರತಿ ಬೆಳಿಗ್ಗೆಯೂ ಆ ಕಾಗದ ಅವರಿಗೆ ಹೊಸದಾಗಿ ಬರುತ್ತಿತ್ತು.

ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸ್‌ನಿಂದ ಅವರ ಮಗಳನ್ನು ಕರೆಸಿದೆ. ಕಾಲೇಜು ಹುಡುಗಿ, ದೆಹಲಿಯಲ್ಲೇ ಬೆಳೆದವಳು. “ಅಂಕಲ್, ಮಮ್ಮಿಗೆ ಬ್ರೇನ್‌ಗೆ ಇನ್ಫೆಕ್ಷನ್ ಆಗಿತ್ತು. ಹಳೇದೆಲ್ಲ ಯಾದ್ ಇದೆ, ಹೊಸದು ಕುಛ್ ಭೀ ನಿಲ್ಲಲ್ಲ. ಹೇಳಿದ್ರೆ ನೌಕರಿ ಹೋಗುತ್ತೆ, ಮನೆನೂ ಹೋಗುತ್ತೆ ಅಂತ ಹೇಳ್ಲಿಲ್ಲ.”

ಅವರಿಗೆ ಚಿಕಿತ್ಸೆ ಕೊಟ್ಟಿದ್ದ ನರರೋಗ ತಜ್ಞರು ನನಗೆ ಬಿಡಿಸಿ ಹೇಳಿದರು. ತುಟಿಯ ಮೇಲೆ ಗುಳ್ಳೆ ಏಳಿಸುವ ಹರ್ಪಿಸ್ ವೈರಸ್ ಅಪರೂಪಕ್ಕೆ ಮೆದುಳಿಗೆ ಹೋಗುತ್ತದೆ. ಅದಕ್ಕೆ ಎನ್ಸೆಫಲೈಟಿಸ್, ಅಂದರೆ ಮೆದುಳಿನ ಉರಿಯೂತ ಎನ್ನುತ್ತಾರೆ. ಹೊಸ ನೆನಪು ಕೂಡಿಡುವ ಜಾಗವನ್ನೇ ಅದು ಹಾಳುಗೆಡವಬಹುದು. ವೈರಸ್ ಹೋದರೂ ಹಾನಿ ಉಳಿಯಬಹುದು.

ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದವರನ್ನು ಕೆಲಸದಿಂದ ತೆಗೆಯುವಂತಿಲ್ಲ ಎಂಬ ಕಾನೂನು ಹಿಡಿದು ಟಿಪ್ಪಣಿ ಬರೆದೆ. ಮೆಮೊ ರದ್ದಾಯಿತು. ಸುಮಂಗಲಾ ಇಲಾಖೆಯ ಗ್ರಂಥಾಲಯಕ್ಕೆ ವರ್ಗವಾದರು, ನೌಕರಿಯೂ ಮನೆಯೂ ಉಳಿದವು. ಜ್ವರ ಬಿಟ್ಟು ಬಂದವರು ಮೊದಲಿನಂತೆಯೇ ಇದ್ದಾರೆಂದು ಸರ್ಟಿಫಿಕೇಟ್ ನೋಡಿ ನಂಬಬಾರದು, ಎದುರಿಗೆ ಕೂರಿಸಿಕೊಂಡು ಕೇಳಬೇಕು. ನೌಕರಿಯ ಕೊನೆಗಾಲದಲ್ಲಿ ಕಲಿತದ್ದು ಇಷ್ಟೇ.

ಅವರು ಹೊರಡುವ ದಿನ ನಾನೇ ಹೋಗಿ, “ನಿಮಗೆ ಅನ್ಯಾಯ ಮಾಡಿದೆ, ಕ್ಷಮಿಸಿ” ಎಂದೆ.

“ಅಯ್ಯೋ, ಯಾಕೆ ಸರ್?” ಎಂದರು ಅವರು, ನಿಜವಾಗಿಯೂ ಗಾಬರಿಯಾಗಿ. “ನೀವು ಯಾವತ್ತೂ ನನಗೆ ಒಂದು ಮಾತು ಅಂದೋರಲ್ಲ.”