ಗಟಾರದ ದಂಡೆಗೆ ಹಾಕಿದ ಹೂಳು

ಆಗ ನನಗೆ ಹತ್ತೊಂಬತ್ತು. ಅರವತ್ತೈದು ವರ್ಷದ ಹಿಂದಿನ ಮಾತು. ಕುರ್ಲಾದ ಚಾಳಿನ ಮನೆಯಲ್ಲಿ ಮೊಲೆ ಕುಡಿಯುವ ಮಗಳು, ರೈಲು ಹಳಿ ಪಕ್ಕದ ಗಟಾರದಲ್ಲಿ ನಾನು.

ಮಳೆಗಾಲಕ್ಕೆ ಮೊದಲು ಗಟಾರ ಬಳಿದು ಹೂಳು ತೆಗೆಯುವುದು ನಮ್ಮ ವಿಜಾಪುರದವರ ಗ್ಯಾಂಗಿನ ಕೂಲಿ. ನೀರು ಹರಿದು ಹೋಗಬೇಕು, ಲೋಕಲ್ ರೈಲು ನಿಲ್ಲಬಾರದು. ಅದೇ ತಯಾರಿ. ಗಂಡಸರು ಹೂಳು ತೋಡಿ ಬುಟ್ಟಿಗೆ ತುಂಬುತ್ತಿದ್ದರು, ಹೆಂಗಸರು ಹೊರುತ್ತಿದ್ದೆವು. ಎಲ್ಲಿಗೆ? ಪಕ್ಕದಲ್ಲೇ, ದಂಡೆಗೆ.

"ಇಲ್ಲೇ ಹಾಕಿದ್ರ ಮಳ್ಯಾಗ ವಾಪಸ್ ಬರೂದಿಲ್ಲೇನ ಕಾಕಾ?" ಎಂದು ಗ್ಯಾಂಗಿನ ಮೇಸ್ತ್ರಿ ಮುಕಾದಮನನ್ನು ಕೇಳಿದೆ.

"ತೋಡೂದು ನಮ್ಮ ಠೇಕಾ. ಒಯ್ಯೂದು ಬ್ಯಾರೆಯವರದು. ಬರ್ತಾರ."

"ಮಳಿ ಮೊದಲ ಬಂದ್ರ?"

"ಸಾಹೇಬನ ಹೇಣ್ತಿ ಬಂದಾಳ ನೋಡ್ರೋ! ಮಳಿ ಇಕಿನ್ನ ಕೇಳಿ ಬರತದಂತ. ಹೊರು, ಹೊರು."

ಒಯ್ಯುವವರು ಬರಲಿಲ್ಲ. ಮಳೆ ಬಂತು. (ಮಳೆಗೆ ಠೇಕಾ ಬೇಕಿಲ್ಲ ನೋಡಿ.)

ಅಂದು ಘಾಟ್ಕೋಪರಿನಲ್ಲಿ ಕೆಲಸ. ಮಳೆ ಜೋರಾಗಿ ಕೆಲಸ ನಿಂತಿತು, ಲೋಕಲ್ ಹತ್ತಿದೆ. ಕುರ್ಲಾ ಮುಟ್ಟುವ ಮೊದಲೇ ಅದೂ ನಿಂತಿತು. ಬಾಗಿಲಲ್ಲಿ ಬಗ್ಗಿ ನೋಡಿದೆ. ಹಳಿ ನೀರಿನಡಿ. ನಾವು ಹಾಕಿದ ಹೂಳಿನ ಗುಡ್ಡೆ ಒಂದೂ ಇಲ್ಲ. ಎಲ್ಲ ಗಟಾರಕ್ಕೇ ಇಳಿದಿತ್ತು.

ಹಾಲು ಕಟ್ಟಿ ಎದೆ ಬಿಗಿದು ರವಿಕೆ ಒದ್ದೆಯಾಗುತ್ತಿತ್ತು. ಅಲ್ಲಿ ಕೂಸು ಬೆಳಗಿನಿಂದ ಹಸಿದಿದೆ.

"ಸುಮ್ನೆ ಕೂತ್ಕೋ ಮಾರಾಯ್ತಿ. ಮಳೆ ಅಲ್ವಾ, ದೇವರ ಕೈಯಲ್ಲಿ ಉಂಟು" ಎಂದರು ಪಕ್ಕದಲ್ಲಿ ಕೂತಿದ್ದ ಉಡುಪಿ ಕಡೆಯ ಅಮ್ಮ.

"ದೇವರ ಕೈಯಾಗ ಬುಟ್ಟಿ ಇರಲಿಲ್ರೀ, ನನ್ನ ಕೈಯಾಗಿತ್ತು" ಎಂದು ಹಳಿಗೆ ಜಿಗಿದೆ. ನೀರು ಸೊಂಟದ ತನಕ.

ಚಾಳು ಮುಟ್ಟಿದಾಗ ಪಕ್ಕದ ಮನೆಯ ಗಂಗವ್ವ ಕೂಸಿನ ಬಾಯಿಗೆ ಸಕ್ಕರೆ ನೀರಿನ ಬಟ್ಟೆ ಹಿಡಿದು ಕೂತಿದ್ದಳು. "ಅತ್ತೂ ಅತ್ತೂ ದನಿ ಹೋಗ್ಯಾದ. ಎಲ್ಲಿ ಸತ್ತಿದ್ದೆವ್ವಾ?" ಎಂದಳು. ಮಗಳಿಗೆ ಚೀಪಲೂ ಶಕ್ತಿ ಇರಲಿಲ್ಲ. ಹಾಲು ಹಿಂಡಿ ಹನಿಹನಿಯಾಗಿ ಬಾಯಿಗೆ ಬಿಟ್ಟೆ. ಉಳಿದಳು.

ಈಗ ಟಿವಿಯಲ್ಲಿ ಕ್ಲೈಮೇಟ್ ಅನ್ನುತ್ತಾರೆ. ಮಳೆ ಹೆಚ್ಚುತ್ತದಂತೆ, ಸಮುದ್ರ ಏರುತ್ತದಂತೆ, ಲೋಕಲ್ ಉಳಿಸಲು ಹೊಸ ಪ್ಲಾನ್ ಅಂತೆ. ಆಗಲಿ. ತೋಡಿದ ಹೂಳನ್ನು ಒಯ್ಯುವವರು ಯಾರು ಎಂದು ಆ ಪ್ಲಾನಿನಲ್ಲಿ ಬರೆದಿದೆಯೇ? ನಮಗಂತೂ ಯಾರೂ ಹೇಳಲಿಲ್ಲ.

ಆ ಮಳೆಯ ಮರುದಿನ ಬೆಳಿಗ್ಗೆ ಮುಕಾದಮ ಚಾಳಿಗೇ ಬಂದ. "ಗಟಾರ ತುಂಬ್ಯಾದ, ನಡೀರಿ" ಎಂದ. ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಹೋಗಿ, ಅದೇ ಹೂಳು ಹೊತ್ತು, ಅದೇ ದಂಡೆಗೆ ಹಾಕಿದೆ.