ಬಸ್ಸಿನಾಟದ ಕಂಪ್ಯೂಟರ್ ಬಿಚ್ಚಿದ ದಿನ

ಬೆನ್ನುನೋವಿನಿಂದ ಬಸ್ಸಿನ ಸ್ಟೇರಿಂಗ್ ಬಿಟ್ಟ ಮೇಲೆ ನಾನು ಕಡೂರಿನ ಮನೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ಬಸ್ಸು ಓಡಿಸುತ್ತಿದ್ದೆ. ಐವತ್ತು ದಾಟಿದವನಿಗೆ ಇದೇನು ಹುಚ್ಚು ಎಂದವರಿದ್ದರು. ಇಪ್ಪತ್ತು ವರ್ಷ ರಸ್ತೆ ನೋಡಿದ ಕಣ್ಣಿಗೆ ಗೋಡೆ ನೋಡಿಕೊಂಡಿರಲು ಆಗಲಿಲ್ಲ, ಅಷ್ಟೆ. ಮೇಜಿಗೆ ಬಿಗಿದ ಸಣ್ಣ ಸ್ಟೇರಿಂಗ್, ಕಾಲ ಕೆಳಗೆ ಪೆಡಲ್, ಪಕ್ಕದಲ್ಲಿ ಆಟಕ್ಕೆಂದೇ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ ಕಂಪ್ಯೂಟರ್.

ಹೋದ ಬೇಸಿಗೆಯಲ್ಲಿ ಅದು ಕೈಕೊಡತೊಡಗಿತು. ಮೊದಲ ಹತ್ತು ನಿಮಿಷ ಸರಾಗ. ಆಮೇಲೆ ಚಿತ್ರ ತಡೆತಡೆದು ಬರುವುದು. ತಿರುವಿನಲ್ಲಿ ಎದುರಿನ ಲಾರಿ ಕಾಣಿಸುವಷ್ಟರಲ್ಲಿ ನಾನು ಅದಕ್ಕೆ ಗುದ್ದಿಯಾಗಿರುತ್ತಿತ್ತು. ಸೆಟ್ಟಿಂಗಿಗೆ ಹೋಗಿ ನೆರಳು, ಮಳೆ, ಮರದೆಲೆ ಎಲ್ಲವನ್ನೂ ಕಡಿಮೆ ಮಾಡಿದೆ. ರಸ್ತೆ ಬೋಳಾಯಿತೇ ಹೊರತು ತಡೆ ಹೋಗಲಿಲ್ಲ. ಅದೇ ದಿನಗಳಲ್ಲಿ ಹೆಂಡತಿ, ಮೇಜಿನ ಕಡೆಯಿಂದ ಕೂದಲು ಸುಟ್ಟ ವಾಸನೆ ಬರುತ್ತಿದೆ ಎಂದಳು. ಮೋರಿಯದ್ದಿರಬೇಕು ಎಂದೆ.

ಕಂಪ್ಯೂಟರನ್ನು ಜಮಖಾನದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ತರೀಕೆರೆಯ ಒಂದು ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯವನು ಎರಡು ನಿಮಿಷ ನೋಡಿ, "ಡ್ರೈವರ್ ಹಳೇದಾಗೈತೆ ಯಜಮಾನ್ರೇ, ಅದಕ್ಕೇ ನಿಂತ್ ನಿಂತ್ ಹೋಗ್ತೈತೆ" ಎಂದ. ನನ್ನನ್ನೇ ಅಂದನೆಂದು ಮುಖ ಬಿಸಿಯಾಯಿತು. ಕಾರ್ಡನ್ನು ನಡೆಸುವ ಸಾಫ್ಟ್‌ವೇರಿಗೆ ಆ ಹೆಸರೆಂದು ಆಮೇಲೆ ಗೊತ್ತಾಯಿತು.

ಎರಡು ದಿನ ಬಿಟ್ಟು ಹೋದಾಗ ಕಂಪ್ಯೂಟರಿನ ಪಕ್ಕದ ತಗಡಿನ ಸ್ಕ್ರೂ ಮೇಲೆ ಹಸಿರು ಸ್ಟಿಕ್ಕರ್ ಅಂಟಿಸಿಟ್ಟಿದ್ದ. ಪೂರ್ತಿ ಬಿಚ್ಚಿ ಕ್ಲೀನ್ ಮಾಡಿದ್ದಾಗಿಯೂ, ಸ್ಟಿಕ್ಕರ್ ಕಿತ್ತರೆ ಗ್ಯಾರಂಟಿ ಇಲ್ಲವೆಂದೂ ಹೇಳಿದ. ಮನೆಗೆ ತಂದು ನೋಡಿದರೆ ಒಳಗಿದ್ದದ್ದೆಲ್ಲ ಅಳಿಸಿ ಸಾಫ್ಟ್‌ವೇರನ್ನು ಹೊಸದಾಗಿ ಹಾಕಿದ್ದ. ಮೂರು ವರ್ಷ ಓಡಿಸಿ ಕೂಡಿಸಿದ ನನ್ನ ಬಸ್ಸುಗಳು, ದಾರಿಗಳು ಒಂದೂ ಇರಲಿಲ್ಲ. ನನ್ನನ್ನು ಒಂದು ಮಾತೂ ಕೇಳಿರಲಿಲ್ಲ. ಹನ್ನೊಂದನೆಯ ನಿಮಿಷಕ್ಕೆ ಚಿತ್ರ ಮತ್ತೆ ತಡೆಯಿತು. ಫೋನ್ ಮಾಡಿದರೆ ಕಾರ್ಡೇ ಹೋಗಿದೆ, ಹೊಸದು ಹಾಕಿಸಿ ಎಂದ.

ಹೆಂಡತಿಯ ಅಕ್ಕನ ಮಗಳು ಅಜ್ಜಂಪುರದಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ಕೊನೆಗೆ ಅವಳ ಮನೆಗೆ ಹೊತ್ತುಕೊಂಡು ಹೋದೆ. ಅವಳು ಆಟ ಹಚ್ಚಿ, ಪರದೆಯ ಮೂಲೆಯಲ್ಲಿ ಕಾರ್ಡಿನ ಬಿಸಿ ಎಷ್ಟೆಂದು ಕಾಣುವ ಹಾಗೆ ಮಾಡಿದಳು. ಅಂಕಿ ಏರುತ್ತಲೇ ಹೋಯಿತು.

"ತೊಂಬತ್ತು ದಾಟ್ತು ಚಿಕ್ಕಪ್ಪ. ಬಿಸಿ ತಡೀಲಾರ್ದೆ ಅದೇ ವೇಗ ಇಳಿಸ್ಕೊತಿದೆ. ಒಳಗೆ ಫ್ಯಾನ್ ತಿರುಗ್ತಿಲ್ಲ."

ಕ್ಲೀನ್ ಮಾಡಿಸಿದ್ದೇನಲ್ಲ ಎಂದು ಸ್ಟಿಕ್ಕರ್ ತೋರಿಸಿದೆ. ಅವಳು ಉಗುರಿನಿಂದ ಎಬ್ಬಿದಳು. ಅದರ ಹಿಂದೆ ಹಳೆಯ ಧೂಳೂ ಪದರವಾಗಿ ಎದ್ದು ಬಂತು. ಸ್ಕ್ರೂವಿಗೆ ಯಾರೂ ಕೈ ಹಚ್ಚಿರಲಿಲ್ಲ.

ಪಕ್ಕದ ತಗಡು ತೆಗೆದೊಡನೆ ಜಿರಳೆಗಳು ನೆಲಕ್ಕೆ ಉದುರಿ ನಾಲ್ಕೂ ಕಡೆ ಓಡಿದವು. ವೈರುಗಳ ಸಂದಿಯಲ್ಲಿ ಅವುಗಳ ಮೊಟ್ಟೆಯ ಕಂದು ಚೀಲಗಳು ಹುರುಳಿಕಾಳು ಅಂಟಿಸಿದ ಹಾಗೆ ಸಾಲಾಗಿದ್ದವು. ಕಾರ್ಡಿನ ಫ್ಯಾನಿಗೆ ಒಂದು ಹಲ್ಲಿ ಸಿಕ್ಕಿಕೊಂಡು ಸತ್ತಿತ್ತು. ಬಾಲ ಒಣಗಿ ಕಡ್ಡಿಯಾಗಿತ್ತು. ಹೊಟ್ಟೆಯ ಭಾಗ ಬಿಸಿಗೆ ಬೆಂದು ಫ್ಯಾನಿನ ರೆಕ್ಕೆಗಳಿಗೆ ಅಂಟಾಗಿ ಮೆತ್ತಿಕೊಂಡಿತ್ತು. ಆ ವಾಸನೆ ಮೋರಿಯದ್ದಾಗಿರಲಿಲ್ಲ. ತಳದಲ್ಲೆಲ್ಲ ಕೋಡುಬಳೆಯ ಚೂರು. ಅದು ನಾನು ಬಸ್ಸು ಓಡಿಸುತ್ತ ತಿಂದದ್ದು.

ರಸ್ತೆಯಲ್ಲಿ ಸಿಕ್ಕಿ ಸತ್ತ ನಾಯಿಗಳನ್ನು ಬಂಪರಿನಿಂದ ಬಿಡಿಸಿದ ಕೈ ನನ್ನದು. ಆದರೂ ಹಿತ್ತಲಿಗೆ ಹೋಗಿ ವಾಂತಿ ಮಾಡಿದೆ. ಹುಡುಗಿ ಮೂಗಿಗೆ ವೇಲು ಕಟ್ಟಿಕೊಂಡು ತಾನೇ ತೆಗೆಯುತ್ತೇನೆಂದಳು. ನಾನು ಬಿಡಲಿಲ್ಲ. ಇಕ್ಕಳದಲ್ಲಿ ಹಲ್ಲಿ ಕಿತ್ತು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದೇ ರೆಕ್ಕೆ ಉಜ್ಜಿದೆ. ಕಾರ್ಡಿನ ಬಿಸಿ ಹೊರಗೆಳೆಯಲು ಹಚ್ಚುವ ಪೇಸ್ಟ್ ಒಣಗಿತ್ತು; ಅದನ್ನು ಕೆರೆದು ಹೊಸದನ್ನು ಅವಳು ಹಚ್ಚಿದಳು. ಫ್ಯಾನ್ ತಿರುಗಿತು. ಒಂದು ಗಂಟೆ ಆಟ ಓಡಿಸಿದರೂ ಬಿಸಿ ಎಪ್ಪತ್ತು ಮುಟ್ಟಲಿಲ್ಲ.

ವಾಪಸು ಬರುವಾಗ ಸುತ್ತಾದರೂ ತರೀಕೆರೆಗೆ ಹೋಗಿ ಇಳಿದೆ. ನೀವು ಇದನ್ನು ಬಿಚ್ಚಿಯೇ ಇರಲಿಲ್ಲ ಎಂದು ಅಂಗಡಿಯವನಿಗೆ ಹೇಳಿದೆ. ಅವನು ತಲೆ ಎತ್ತದೆ, "ಈಗ ಓಡ್ತೈತಲ್ಲ ಯಜಮಾನ್ರೇ, ಇನ್ನೇನು?" ಎಂದ. ನಾಚಿಕೆಯ ಎಳೆಯೂ ಆ ಮುಖದಲ್ಲಿರಲಿಲ್ಲ. ಮಾತು ಬೆಳೆಸಲು ಅಸಹ್ಯವಾಗಿ ಹೊರಟುಬಂದೆ.

ಅವನಿಗಿಂತ ಹೆಚ್ಚು ನನ್ನ ಮೇಲೆಯೇ ಹೇಸಿಗೆ ಆಗಿತ್ತು. ಕೆಲಸದಲ್ಲಿದ್ದಾಗ ಮೆಕ್ಯಾನಿಕ್ ಏನೇ ಹೇಳಲಿ, ರೇಡಿಯೇಟರಿನ ನೀರನ್ನು ನಾನೇ ಬಗ್ಗಿ ನೋಡದೆ ಒಂದು ದಿನವೂ ಬಸ್ಸು ಎತ್ತಿದವನಲ್ಲ. ಮನೆಯೊಳಗೆ, ಮೊಣಕಾಲಿನ ಪಕ್ಕದಲ್ಲಿ ಆ ಹಲ್ಲಿ ಕೊಳೆಯುತ್ತಿದ್ದಾಗ ಕೋಡುಬಳೆ ತಿನ್ನುತ್ತ ಕೂತಿದ್ದೆ.

ಹದಿನೈದು ದಿನ ಕಂಪ್ಯೂಟರನ್ನು ಮುಟ್ಟಲಿಲ್ಲ. ಊಟಕ್ಕೆ ಕೂತರೂ ಆ ಅಂಟು ನೆನಪಾಗಿ ತಟ್ಟೆ ಸರಿಸಿ ಏಳುತ್ತಿದ್ದೆ. ಆಮೇಲೊಂದು ಮಧ್ಯಾಹ್ನ ಕೈ ತೊಳೆದುಕೊಂಡು ಬಂದು ಆಟ ಹಚ್ಚಿದೆ. ಹಳೆಯದೆಲ್ಲ ಅಳಿಸಿಹೋಗಿದ್ದರಿಂದ ಅದು ಇನ್ನೂ ನನ್ನನ್ನು ಹೊಸ ಚಾಲಕನೆಂದೇ ತಿಳಿದು, ಖಾಲಿ ಬಸ್ಸು ಕೊಟ್ಟು, ರಿವರ್ಸ್ ತೆಗೆಯುವುದು ಹೇಗೆಂದು ಕಲಿಸಲು ಶುರು ಮಾಡಿತು.