ಗೋಡೆಸಂದಿನ ಕೂದಲುಂಡೆ

ಗೋಡೆಯ ಸಂದಿನಲ್ಲಿ ನಾನು ಕೂಡಿಟ್ಟಿದ್ದ ಕೂದಲಿನ ಉಂಡೆಯನ್ನು, ಶಹಾಬಾದದ ನಮ್ಮ ಓಣಿಗೆ ಕೂದಲು ಕೊಳ್ಳಲು ಬರುವ ಹೆಂಗಸು ಬಿಸಿಲಿಗೆ ಹಿಡಿದು ಬಿಡಿಸತೊಡಗಿದಳು. ಬಾಣಂತನದ ನಂತರ ಉದುರಿದ ಕೂದಲದು. ಗಿಡಮೂಲಿಕೆಯ ಮಾತ್ರೆ ನುಂಗುತ್ತಿದ್ದರೂ ಉಂಡೆ ದೊಡ್ಡದಾಗುತ್ತಲೇ ಇತ್ತು. ನೋಡಲಾರದೆ ಮುಖ ತಿರುಗಿಸಿದೆ.

“ಯಾಕ ಮಾರಿ ಸಣ್ಣ ಮಾಡ್ಕೊಂಡೀರಿ ಅಕ್ಕಾ? ಇದು ಎಲ್ಲೂ ಹೋಗಂಗಿಲ್ಲ. ಕೂದಲಿಲ್ಲದ ಯಾವಾಕಿನೋ ಇದರ ಚೌರಿ ಹಾಕ್ಕೊಂಡು ಹೂ ಮುಡೀತಾಳ,” ಎಂದಳು. ಅಂಗಳದ ಫರಸಿ ಕಲ್ಲಿನ ಮೇಲೆ ಒಂದೆಳೆ ಗಾಳಿಗೆ ತೇಲಿತು. ಅದನ್ನೂ ಮೆಲ್ಲಗೆ ಹಿಡಿದು ಚೀಲಕ್ಕೆ ಹಾಕಿಕೊಂಡಳು.

ಈಗ ನೆತ್ತಿಯಲ್ಲಿ ಹೊಸ ಕೂದಲು ಚಿಗುರಿದೆ. ಮಾತ್ರೆಯ ಗುಣವೋ, ಡಾಕ್ಟರು ಹೇಳಿದಂತೆ ತಾನಾಗಿ ಬಂದದ್ದೋ ನನಗೆ ಗೊತ್ತಿಲ್ಲ. ಆದರೆ ತಲೆ ಬಾಚಲು ಹಣಿಗೆ ಹಿಡಿದಾಗಲೆಲ್ಲ, ದೂರದ ಯಾವುದೋ ಕನ್ನಡಿಯ ಮುಂದೆ ಒಬ್ಬಳು ನನ್ನ ಕೂದಲಿಗೆ ಮಲ್ಲಿಗೆ ಮುಡಿಯುತ್ತಿರುತ್ತಾಳೆ.